ನಿನ್ನೆಯ ಔಷಧ, ಇಂದಿನ ಕರ್ತವ್ಯ

ಅಮೆರಿಕದ ಫ್ಲಾರಿಡಾ ರಾಜ್ಯದ ಹಿಲ್ಸ್‌ಬರೋ ಕೌಂಟಿಯಲ್ಲಿ ಅಗ್ನಿಶಾಮಕ ಹಾಗೂ ತುರ್ತು ಚಿಕಿತ್ಸಾ ದಳದ ನೌಕರನೊಬ್ಬನಿದ್ದನು. ವೈದ್ಯರ ಸಮ್ಮತಿಯಂತೆ ಅವನು ಸೇವಿಸುತ್ತಿದ್ದ ಔಷಧ ಗಾಂಜಾ. ಮುನ್ಸೂಚನೆಯಿಲ್ಲದೆ ನಡೆದ ಪರೀಕ್ಷೆಯಲ್ಲಿ ಅದರ ಅಂಶ ಕಂಡುಬಂದಿತು. ಅವನಿಗೆ ಸಂಬಳವಿಲ್ಲದ ರಜೆ ಪ್ರಾಪ್ತವಾಯಿತು.

ಗಾಂಜಾ ಎಂದೊಡನೆ ಹುಬ್ಬು ಗಂಟಿಕ್ಕದವರು ವಿರಳ. ಆಂಬುಲೆನ್ಸಿನಲ್ಲಿ ಪ್ರಾಣ ಕೈಯಲ್ಲಿ ಹಿಡಿದು ಮಲಗಿದವನ ತಲೆದೆಸೆಯಲ್ಲಿ ಅಮಲೇರಿದವನು ಕುಳಿತಿರಲೆಂದು ಯಾರು ತಾನೆ ಬಯಸುವರು? ಈ ಅಂಜಿಕೆ ಸಹಜವಾದುದೇ. ಆದರೆ ಮೂತ್ರಪರೀಕ್ಷೆಯು ಅಮಲನ್ನು ಅಳೆಯುವುದಿಲ್ಲವೆಂಬುದನ್ನು ಗಮನಿಸಬೇಕು. ಮದ್ಯ ಕುಡಿದವನ ಉಸಿರು ಆ ಗಳಿಗೆಯ ಸ್ಥಿತಿಯನ್ನು ಹೇಳಿಬಿಡುತ್ತದೆ. ಗಾಂಜಾದ ರೀತಿಯೇ ಬೇರೆ. ಅದರ ಮತ್ತು ಕೆಲವು ಗಂಟೆಗಳಲ್ಲಿ ಇಳಿದುಹೋದರೂ, ದೇಹದ ಕೊಬ್ಬಿನಲ್ಲಿ ಸೇರಿಕೊಂಡ ಶೇಷವು ಮೆಲ್ಲಮೆಲ್ಲನೆ ಹೊರಬೀಳುತ್ತಿರುತ್ತದೆ; ನಿತ್ಯ ಸೇವಿಸುವವರಲ್ಲಿ ವಾರಗಟ್ಟಲೆ. ರಜೆಯ ರಾತ್ರಿ ನೋವಿಗೆಂದು ಔಷಧ ತೆಗೆದುಕೊಂಡವನೂ, ಅಮಲಿನಲ್ಲಿಯೇ ಕೆಲಸಕ್ಕೆ ಬಂದವನೂ ಆ ಪರೀಕ್ಷೆಯ ಕಣ್ಣಿಗೆ ಒಂದೇ!

ಅಫೀಮಿನ ಬಳಗದ ನೋವುಗುಳಿಗೆಗಳಿಗಾದರೆ ವೈದ್ಯರ ಚೀಟಿ ತೋರಿಸಿ ಪಾರಾಗುವ ಮಾರ್ಗ ಅಲ್ಲುಂಟು. ಗಾಂಜಾಕ್ಕೆ ಅದೂ ದೊರೆಯಲಿಲ್ಲ. 1970ರ ಒಕ್ಕೂಟದ ಕಾನೂನು ಅದನ್ನು ವೈದ್ಯಕೀಯ ಉಪಯೋಗವೇ ಇಲ್ಲದ ವಸ್ತುಗಳ ಸಾಲಿಗೆ ಸೇರಿಸಿತು. ರಾಜ್ಯಗಳು ಒಂದೊಂದಾಗಿ ಸಮ್ಮತಿಯಿತ್ತ ಬಳಿಕವೂ ವೈದ್ಯರು ಮಾಡಬಹುದಾದದ್ದು ಶಿಫಾರಸು ಮಾತ್ರವಾಗಿತ್ತು.

ನೆವಾಡ ರಾಜ್ಯದ ಕಾನೂನು ಇನ್ನೂ ವಿಚಿತ್ರ. ಪರೀಕ್ಷೆಯಲ್ಲಿ ಗಾಂಜಾ ಕಂಡಿತೆಂಬ ಕಾರಣಕ್ಕೆ ಉದ್ಯೋಗ ನಿರಾಕರಿಸಬಾರದೆಂದು 2020ರ ಜನವರಿಯಿಂದ ವಿಧಿಸಿದ ಆ ಕಾನೂನು, ಅಗ್ನಿಶಾಮಕರನ್ನೂ ತುರ್ತುಚಿಕಿತ್ಸಕರನ್ನೂ ಹೆಸರಿಸಿಯೇ ಹೊರಗಿಟ್ಟಿತು. ಬೆನ್ನುನೋವು, ನಿದ್ರಾಭಂಗ, ಕಂಡ ಸಾವುಗಳ ನೆನಪು, ಇವು ಯಾರ ವೃತ್ತಿಗೆ ಅಂಟಿಕೊಂಡಿವೆಯೋ ಅವರನ್ನೇ! ಕ್ಯಾಲಿಫೋರ್ನಿಯ ಕೊಂಚ ವಿವೇಕದಿಂದ ನಡೆದಿದೆ ಎನ್ನಬೇಕು. 2024ರಲ್ಲಿ ಜಾರಿಗೆ ಬಂದ ಅಲ್ಲಿಯ ಕಾನೂನು, ಮತ್ತಿಲ್ಲದ ಶೇಷವನ್ನಷ್ಟೆ ಕಂಡು ಶಿಕ್ಷಿಸುವುದನ್ನು ಬಹುಮಟ್ಟಿಗೆ ತಡೆಯಿತು. ಅಮಲಿನಲ್ಲಿ ಕೆಲಸಕ್ಕೆ ಬರುವವನಿಗೆ ಅದು ಆಶ್ರಯ ಕೊಡಲಿಲ್ಲ.

ಇತ್ತ ಹಿಲ್ಸ್‌ಬರೋದ ನೌಕರನು ನ್ಯಾಯಾಲಯದ ಮೆಟ್ಟಿಲೇರಿದನು. ಫ್ಲಾರಿಡಾದ ಮತದಾರರು 2016ರಲ್ಲಿ ತಮ್ಮ ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿಯು, ಉದ್ಯೋಗದ ಸ್ಥಳದಲ್ಲಿಯೇ ಗಾಂಜಾ ಸೇವಿಸಲು ಅವಕಾಶ ಕೊಡಬೇಕಾಗಿಲ್ಲವೆಂದಷ್ಟೇ ಹೇಳಿತ್ತು. ಹಾಗಾದರೆ ಹೊರಗೆ, ಬಿಡುವಿನ ವೇಳೆಯಲ್ಲಿ? 2024ರ ಡಿಸೆಂಬರಿನಲ್ಲಿ ನ್ಯಾಯಾಧೀಶೆಯು ನೌಕರನ ಪರವಾಗಿ ತೀರ್ಪಿತ್ತರು. ಅದು ಕೆಳಗಿನ ನ್ಯಾಯಾಲಯದ ತೀರ್ಪು. ರಾಜ್ಯದ ಇತರ ನ್ಯಾಯಾಲಯಗಳು ಅದನ್ನೇ ಅನುಸರಿಸಬೇಕೆಂಬ ನಿರ್ಬಂಧವಿಲ್ಲ.