ಬಂದರಿನ ಲೆಕ್ಕಪುಸ್ತಕ ಗುಜರಿಗೆ

ಪಣಂಬೂರಿನ ನವಮಂಗಳೂರು ಬಂದರಿಗೆ ಐವತ್ತು ತುಂಬಿದ್ದನ್ನು ಊರು ಸಂಭ್ರಮಿಸಿತು. ಸಂಭ್ರಮಿಸಲಿ, ಅದಕ್ಕೆ ನಮ್ಮ ತಕರಾರಿಲ್ಲ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡ ಆ ಬಂದರು ಕರಾವಳಿಯ ಹಣೆಬರಹ ಬದಲಿಸಿದ್ದು ನಿಜ. ನಮ್ಮ ತಕರಾರು ಇರುವುದು ಆ ನೆಪದಲ್ಲಿ ಬಂದ ಬರಹಗಳ ಬಗ್ಗೆ, ಅದರಲ್ಲೂ ನಮ್ಮಂಥದೇ ಪತ್ರಿಕೆಯೊಂದು ತಂದ ವಿಶೇಷ ಪುರವಣಿಯ ಬಗ್ಗೆ. ಅದನ್ನು ಓದಿದವರು ಮಂಗಳೂರಿಗೆ ಕಡಲ ವ್ಯಾಪಾರ ಬಂದದ್ದೇ ಐವತ್ತು ವರ್ಷದ ಹಿಂದೆ ಎಂದುಕೊಳ್ಳಬೇಕು. ಊರವರು 'ಬಂದರ್' ಎನ್ನುವ ಹಳೇ ಬಂದರುಪೇಟೆಗೆ ಅಲ್ಲಿ ಸಿಕ್ಕಿದ್ದು ಎರಡು ಚಿತ್ರಗಳು: ಪಾಚಿಗಟ್ಟಿದ ಹೆಂಚಿನ ಮಾಡು, ಸಂಜೆ ಹೊತ್ತಿನ ಫಲ್ಗುಣಿ. ಕೆಳಗೊಂದು ಸಲಹೆ ಬೇರೆ. ಮಂಡಿಗಳನ್ನು ಊರ ಹೊರಗೆ ಕಳಿಸಿ, ನದಿದಂಡೆಯನ್ನು ವಿಹಾರತಾಣ ಮಾಡಿದರೆ ಬಂದರ್ 'ಉಳಿಯುತ್ತದೆ' ಅಂತೆ.

ಬಂದರ್ ಉಳಿದಿರುವುದೇ ಆ ಮಂಡಿಗಳಿಂದ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ನೆಲ್ಲಿಕಾಯಿ ರಸ್ತೆ, ಅಜೀಜುದ್ದೀನ್ ರಸ್ತೆ. ಬೆಳಗಿನ ಜಾವ ದಕ್ಕೆಯಲ್ಲಿ ಬೋಟುಗಳಿಂದ ಮೀನಿನ ಬುಟ್ಟಿ ಇಳಿಯುತ್ತದೆ. ಬಿಸಿಲೇರುವ ಹೊತ್ತಿಗೆ ಘಟ್ಟದ ಕೆಳಗಿನ ಅಡಿಕೆ ಮಂಡಿಗೆ ಬರುತ್ತದೆ. ಹಮಾಲಿಗಳು ಒಣಮೆಣಸಿನ ಚೀಲ ಹೊತ್ತು ಲಾರಿಗಳ ಸಂದಿಯಲ್ಲೇ ದಾರಿ ಮಾಡಿಕೊಳ್ಳುತ್ತಾರೆ. ಆಚೆ ದಡದ ಬೆಂಗ್ರೆಯ ಮಕ್ಕಳು ದೋಣಿಯಲ್ಲಿ ನದಿ ದಾಟಿ ಶಾಲೆಗೆ ಬರುತ್ತಾರೆ. ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಎಂಬ ಸರಕುದೋಣಿಗೆ ಸಿಮೆಂಟು, ಜಲ್ಲಿ, ತರಕಾರಿ ತುಂಬುವುದು ಇಂದಿಗೂ ಇಲ್ಲಿಯೇ. ಒಂದೇ ಗಲ್ಲಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕಚ್ಛಿ ಕೇಳುತ್ತವೆ. ಇಷ್ಟು ಜನ ದುಡಿದು ಉಣ್ಣುವ ಜಾಗವನ್ನು ಅಸ್ತಮಾನದ ಚಿತ್ರಕ್ಕೆ ಇಳಿಸುವುದು ಅನ್ಯಾಯ.

ಚರಿತ್ರೆಯ ಮಾತಿಗೆ ಬರೋಣ. ಹನ್ನೆರಡನೇ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಸುಮಾರು 17 ವರ್ಷ ನೆಲೆಸಿದ್ದ. ಏಡನ್ನಿನಿಂದ ಒಡೆದ ಹಿತ್ತಾಳೆ ಪಾತ್ರೆ ತರಿಸಿ ಹೊಸದು ಮಾಡಿಸಿ ಕಳಿಸುತ್ತಿದ್ದ, ಮೆಣಸು, ಏಲಕ್ಕಿ, ಅಡಿಕೆ ಸಾಗಿಸುತ್ತಿದ್ದ. ಅವನ ವ್ಯವಹಾರ ನೋಡಿಕೊಂಡು ಕಡಲು ದಾಟಿ ಹೋಗಿಬರುತ್ತಿದ್ದವನು ಬೊಮ್ಮ. ಇದು ನಮಗೆ ಗೊತ್ತಾದದ್ದು ಹೇಗೆ? ಆಗ ಇಲ್ಲಿ ಕಾಗದ ಅಪರೂಪ. ಏಡನ್ನಿನ ಗೆಳೆಯರು ಅವನಿಗೆ ಕಾಗದ ಕಳಿಸುತ್ತಿದ್ದರು. ಬಂದ ಪತ್ರಗಳ ಖಾಲಿ ಜಾಗವನ್ನೂ ಬಿಡದೆ ಅವನು ಲೆಕ್ಕ ಬರೆದಿಟ್ಟ. ಬರೆದ ಕಾಗದವನ್ನು ಎಸೆಯಬಾರದೆಂಬ ಸಂಪ್ರದಾಯದಿಂದ ಆ ಚೂರುಗಳು ಹಳೇ ಕೈರೋದ ಸಿನಗಾಗ್‌ನ ಗೆನಿಜಾ ಎಂಬ ಕೋಣೆ ಸೇರಿ ಉಳಿದುಕೊಂಡವು. ಅವನ್ನು ಓದಿದವರು ವಿದೇಶಿ ವಿದ್ವಾಂಸರು. ಬೊಮ್ಮನ ಜಾಡು ಹಿಡಿದು 1992ರಲ್ಲಿ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಬರೆದವರು ಅಮಿತಾವ್ ಘೋಷ್. ಬೊಮ್ಮ ಎಂಬ ಹೆಸರಿನ ಗಂಟು ಬಿಡಿಸಲು ಅವರಿಗೆ ನೆರವಾದವರು ನಮ್ಮ ವಿದ್ವಾಂಸ ಬಿ.ಎ. ವಿವೇಕ ರೈ. ಆಮೇಲಾದರೂ ಕನ್ನಡದಲ್ಲಿ ಬಂದರನ್ನೇ ಕೇಂದ್ರವಾಗಿಟ್ಟ ಒಂದು ದೊಡ್ಡ ಕೃತಿ ಬರಬೇಕಿತ್ತು. ನಾವಿನ್ನೂ ಕಾಯುತ್ತಿದ್ದೇವೆ.

ಹದಿನಾಲ್ಕನೇ ಶತಮಾನದಲ್ಲಿ ಬಂದ ಇಬ್ನ್ ಬತೂತಾ ಬರೆದದ್ದನ್ನೂ ನಮ್ಮವರು ಅರ್ಧ ಮಾತ್ರ ಉಲ್ಲೇಖಿಸುತ್ತಾರೆ. ಪರ್ಷಿಯಾ, ಯೆಮನ್‌ಗಳ ವರ್ತಕರು ಇಳಿಯುವ ಊರು, ಮೆಣಸು ಶುಂಠಿಗೆ ಬರವಿಲ್ಲ ಎನ್ನುವ ಭಾಗ ಎಲ್ಲರಿಗೂ ಬಾಯಿಪಾಠ. ಪಟ್ಟಣಕ್ಕೆ ತಾಗಿದ ಪೇಟೆಯಲ್ಲಿ ಸುಮಾರು 4,000 ಮುಸಲ್ಮಾನರಿದ್ದರು, ಊರವರಿಗೂ ಅವರಿಗೂ ಆಗಾಗ ಜಗಳ ಹತ್ತುತ್ತಿತ್ತು, ವರ್ತಕರು ಬೇಕಾದ್ದರಿಂದ ಅರಸನೇ ನಡುವೆ ನಿಂತು ರಾಜಿ ಮಾಡಿಸುತ್ತಿದ್ದ ಎಂದೂ ಅವನು ಬರೆದಿದ್ದಾನೆ. ಈ ಭಾಗವನ್ನು ಬಿಡಬಾರದು. ಬಂದರಿನಲ್ಲಿ ಜಗಳವೇ ಇರಲಿಲ್ಲ ಎಂಬ ಸಿಹಿ ಕಥೆ ನಮಗೆ ಬೇಡ. ಜಗಳವಾದಾಗ ರಾಜಿ ಮಾಡಿಸುವುದು ಆಳುವವನ ಹೊಣೆ ಎಂಬ ತಿಳಿವಳಿಕೆ ಈ ಊರಿಗೆ ಏಳುನೂರು ವರ್ಷದ ಹಿಂದೆಯೇ ಇತ್ತು. ಈಗಿನ ಕಥೆ ಬೇರೆ. 2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಪೊಲೀಸ್ ಗೋಲಿಬಾರಿಗೆ ಮಂಗಳೂರಿನಲ್ಲಿ ಇಬ್ಬರು ಬಲಿಯಾದ ಮೇಲೆ ಹೊರಗಿನ ಓದುಗರಿಗೆ ಬಂದರ್ ಎಂದರೆ ಅದೊಂದೇ ದಿನ. ಅಪರಾಧದ ಪುಟದಲ್ಲಿ ಮಾತ್ರ ಈ ಪೇಟೆಯ ಹೆಸರು ಅಚ್ಚು ಮಾಡುವ ಪತ್ರಿಕೆಗಳು ಇದಕ್ಕೆ ಉತ್ತರ ಕೊಡಬೇಕು. ಜೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯ ಬಗ್ಗೆ, ರಥಬೀದಿಯ ಕೊಂಕಣಿ ಅಂಗಡಿಗೂ ಬಂದರಿನ ಬ್ಯಾರಿ ಮಂಡಿಗೂ ಇರುವ ತಲೆಮಾರುಗಳ ಸಾಲ-ನಂಬಿಕೆಯ ಬಗ್ಗೆ ಎಷ್ಟು ಅಂಕಣ ಬರೆದಿರಿ?

ಇನ್ನು ನಮ್ಮ ಮುಖ್ಯ ದೂರು. ಮುಚ್ಚಿದ ಮಂಡಿಯೊಂದರ ಲೆಕ್ಕಪುಸ್ತಕಗಳನ್ನು ಇತ್ತೀಚೆಗೆ ಗುಜರಿ ಅಂಗಡಿಯಲ್ಲಿ ನೋಡಿದೆವು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಅಂಚೆಲ್ಲ ಗೆದ್ದಲು. ಒಂದು ಮಂಜಿಗೆ ಒಂದು ಪುಟ. ತಲೆಯಲ್ಲಿ ಮಂಜಿಯ ಹೆಸರು, ಅದನ್ನು ನಡೆಸುವ ತಂಡೇಲನ ಹೆಸರು. ಎಡಕ್ಕೆ ಹೋದ ಸರಕು: ಅಕ್ಕಿ, ಬೆಲ್ಲ, ಸೀಮೆಎಣ್ಣೆ. ಬಲಕ್ಕೆ ಬಂದದ್ದು: ಕೊಪ್ಪರ, ನಾರಿನ ಹಗ್ಗ, ಒಣಮೀನು. ಕೆಳಗೆ ಹಮಾಲಿ ಕೂಲಿಯ ಪಟ್ಟಿ, ಪ್ರತಿ ಮೊತ್ತದ ಪಕ್ಕ ಮಸಿಯ ಹೆಬ್ಬೆಟ್ಟು. ಕಿಲೋ ಲೆಕ್ಕದಲ್ಲಿ ಮಾರಾಟಕ್ಕಿದ್ದವು.

ಆ ಪುಟಗಳ ಬೆಲೆ ಏನೆಂದು ಕೇಳುವವರು ಲಕ್ಷದ್ವೀಪದ ಅಮಿನದಿವಿ ದ್ವೀಪಗಳ ಕಥೆ ನೆನಪಿಸಿಕೊಳ್ಳಲಿ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ನಾರು ತಂದು ಮಂಗಳೂರಿನ ಸರಕಾರಿ ಉಗ್ರಾಣಕ್ಕೆ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಪಣಂಬೂರಿಗೆ ಮುಂಚೆ, ಅಳಿವೆಯ ಮರಳ ದಿಬ್ಬ ದಾಟಲಾಗದ ದೊಡ್ಡ ಹಡಗುಗಳು ಹೊರಕಡಲಲ್ಲೇ ಲಂಗರು ಹಾಕುತ್ತಿದ್ದವು. ಕೊಡಗು ಚಿಕ್ಕಮಗಳೂರಿನ ಕಾಫಿ, ಇಲ್ಲಿಯ ಹೆಂಚು ಅಲ್ಲಿಯವರೆಗೆ ಹೋಗುತ್ತಿದ್ದದ್ದು ಮಂಜಿಗಳಲ್ಲಿ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ನಿನ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನಲ್ಲಿ ಜೋಪಾನವಾಗಿವೆ. ಹಾಗಾಗಿ ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಪಾದ್ರಿಗಳೂ ಕಂಪನಿ ಸಾಹೇಬರೂ ಹೆಸರು, ಮುಖ, ತಾರೀಖಿನ ಸಮೇತ ಬರುತ್ತಾರೆ. ಹೆಂಚು ಹೊತ್ತವರು, ಮಂಜಿ ನಡೆಸಿದವರು, ಲೆಕ್ಕ ಬರೆದ ಗುಮಾಸ್ತರು ಬರೀ ಗುಂಪಾಗಿ ಬರುತ್ತಾರೆ. ಕಾಗದ ಉಳಿಸಿಕೊಂಡವರಿಗೆ ಚರಿತ್ರೆ ಸಿಕ್ಕಿತು. ಹೆಬ್ಬೆಟ್ಟಿನ ಸಾಕ್ಷಿಯನ್ನು ಗುಜರಿಗೆ ಹಾಕಿದ ಪಾಪ ನಮ್ಮದೇ.

ವಿಹಾರತಾಣದ ವಕೀಲರು ಕೊಚ್ಚಿಯನ್ನು ತೋರಿಸುತ್ತಾರೆ. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗಳ ಹಳೇ ಗೋದಾಮುಗಳಲ್ಲಿ 2012ರಿಂದ ಬಿಯೆನ್ನಾಲೆ ನಡೆಯುತ್ತಿದೆ. ಒಳ್ಳೆಯ ಕಲೆ ಬಂದಿದೆ, ಒಪ್ಪುತ್ತೇವೆ. ಆದರೆ ಕಲೆ ಬಂದದ್ದು ಖಾಲಿಯಾದ ಗೋದಾಮಿಗೆ. ತುಂಬಿರುವ ಗೋದಾಮನ್ನು ಅದಕ್ಕಾಗಿ ಖಾಲಿ ಮಾಡಿಸುವುದು ಯಾವ ನ್ಯಾಯ? ಇನ್ನೊಂದು ಕಡೆ ವಿಶಾಖಪಟ್ಟಣದ ಒನ್ ಟೌನ್ ಇದೆ. 1933ರಲ್ಲಿ ದೊಡ್ಡ ಬಂದರು ತೆರೆದುಕೊಂಡಿತು, ಊರು ಬೇರೆ ದಿಕ್ಕಿಗೆ ಬೆಳೆಯಿತು, ಹಳೇ ಪೇಟೆಯ ಪಾಲಿಗೆ ಕಲ್ಲಿದ್ದಲು-ಅದಿರಿನ ದೂಳು ಉಳಿಯಿತು. ನೋಟಕ್ಕಿಡುವುದೂ ಬೇಡ, ಕೈಬಿಡುವುದೂ ಬೇಡ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮಂಗಳೂರಿನ ನದಿದಂಡೆ ಯೋಜನೆಗಳನ್ನು ಈ ಎರಡು ಭಯ ಇಟ್ಟುಕೊಂಡೇ ಅಳೆಯಬೇಕು. ದಕ್ಕೆಗೆ ಶುದ್ಧ ನೀರು, ಮಂಜುಗಡ್ಡೆ, ಶೌಚಾಲಯ ಮೊದಲು ಬರಲಿ. ಬೆಂಗ್ರೆಯ ದೋಣಿಕಟ್ಟೆಗೆ ಗಟ್ಟಿ ಮೆಟ್ಟಿಲು ಬರಲಿ. ಅಲಂಕಾರದ ದೀಪ ಆಮೇಲೆ.

ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಮೂರೂ ಮಂಗಳೂರಿನಲ್ಲೇ ಇವೆ, ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯವಿದೆ. ತಮ್ಮ ತಮ್ಮ ಭಾಷೆಯ ಸಮ್ಮೇಳನ ಮಾಡುವ ಈ ಸಂಸ್ಥೆಗಳು ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಬಂದರಿನ ಲೆಕ್ಕಪುಸ್ತಕಗಳೇ, ಯಾಕೆಂದರೆ ಆ ಪುಟಗಳಲ್ಲಿ ಮೂರೂ ಭಾಷೆಯ ಜನ ಒಬ್ಬರಿಗೊಬ್ಬರು ಬಾಕಿ ಇದ್ದಾರೆ. ಅದೇ ಪೇಟೆಯಲ್ಲಿ ಒಂದು ಗೋದಾಮು ಹಿಡಿದು ದಾಖಲೆ ಮನೆ ತೆರೆಯಲಿ. ವಯಸ್ಸಾದ ತಂಡೇಲರ, ಹಮಾಲಿಗಳ, ಗುಮಾಸ್ತರ ಮಾತನ್ನು ಅವರವರ ಭಾಷೆಯಲ್ಲೇ ದಾಖಲಿಸಲಿ. ಇದನ್ನು ನಾವು ಪ್ರತಿ ಸಂಚಿಕೆಯಲ್ಲೂ ಕೇಳುತ್ತೇವೆ.

ಈ ಸಂಚಿಕೆಯ ವಿಶೇಷ ವಿಭಾಗ ಬಂದರಿಗೆ ಮೀಸಲು. ಅಟ್ಟದಲ್ಲಿ ಹಳೇ ಲೆಕ್ಕಪುಸ್ತಕ ಇರುವ ಓದುಗರು ಗುಜರಿಯವರನ್ನು ಕರೆಯುವ ಮುನ್ನ ನಮಗೊಂದು ಕಾಗದ ಹಾಕಿ. ನಾವೇ ಬಂದು ಒಯ್ಯುತ್ತೇವೆ.