ಪಂಚಮಿಯ ಉಂಡಿಯೂ ಅತಿಥಿಯ ಸಂಕೋಚವೂ

ಶ್ರಾವಣ ಮಾಸ ಬಂದಿತೆಂದರೆ ಕಾಳಗಿ, ಚಿಂಚೋಳಿ, ಸೇಡಂ ಸೀಮೆಯ ಮನೆಗಳಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಜೋಳದ ಅರಳುಗಳಿಂದ ಡಬ್ಬಿಗಳು ತುಂಬುತ್ತವೆ. ನಾಗರಪಂಚಮಿಯ ಆಸುಪಾಸಿನ ದಿನಗಳಲ್ಲಿ ಯಾರ ಮನೆಯ ಹೊಸ್ತಿಲು ದಾಟಿದರೂ ತಾಟು ಮುಂದೆ ಬಂದೇ ಬರುತ್ತದೆ. ಅದರ ಮರುವಾರ ಹೊಟ್ಟೆಯುಬ್ಬರ, ಹುಳಿತೇಗು, ಏರಿದ ಸಕ್ಕರೆ ಎಂದು ಜನ ನಮ್ಮಲ್ಲಿಗೆ ಬರುವುದನ್ನು ಕಳೆದ 30 ವರ್ಷಗಳಿಂದಲೂ ಕಾಣುತ್ತಿದ್ದೇವೆ.

ಕೆಲ ವರ್ಷಗಳ ಹಿಂದೆ ಮಧುಮೇಹವಿದ್ದ ಹಿರಿಯರೊಬ್ಬರು ಪಂಚಮಿಯಂದು ನಾಲ್ಕು ಮನೆಗಳಿಗೆ ಹೋಗಿ, ಎಲ್ಲಿಯೂ ಬೇಡವೆನ್ನಲಾರದೆ ಉಂಡಿ ತಿಂದರು. ಸಂಜೆ ಭಯವಾಗಿ, ತಿಂದುದಕ್ಕೆ ಪರಿಹಾರವೆಂದು ಮಾತ್ರೆಯನ್ನು ಎರಡರಷ್ಟು ನುಂಗಿ, ರಾತ್ರಿಯೂಟ ಬಿಟ್ಟು ಮಲಗಿದರು. ನಡುರಾತ್ರಿ ಮೈಯೆಲ್ಲ ಬೆವರಿ, ಕೈಕಾಲು ನಡುಗಿ, ಮಾತು ತೊದಲತೊಡಗಿತು. ಅವರ ಮನೆಯಾಕೆ ಸಮಯಸ್ಫೂರ್ತಿಯಿಂದ ಸಕ್ಕರೆ ನೀರು ಕುಡಿಸಿದುದರಿಂದ ಜೀವ ಉಳಿಯಿತು. ಹಾಗೆ ಮಾತ್ರೆ ಹೆಚ್ಚಿಸಿಕೊಳ್ಳುವುದು ಉಂಡಿಗಿಂತಲೂ ಅಪಾಯಕರ.

ಬೇಡವೆನ್ನಲು ಅವರೇಕೆ ಅಂಜಿದರು? "ನಮ್ಮನಿದು ನಿಮಗ ನಡಿಯಂಗಿಲ್ಲೇನ್ರಿ?" ಎಂಬ ಒಂದು ಪ್ರಶ್ನೆಗೆ. ನಮ್ಮ ಸೀಮೆಯಲ್ಲಿ ಇದು ಸಾಮಾನ್ಯ ಪ್ರಶ್ನೆಯಲ್ಲ. ಯಾರ ಮನೆಯ ನೀರು ಯಾರಿಗೆ ನಡೆಯುತ್ತದೆ ಎಂಬ ಹಳೆಯ ನೋವು ಅದರಲ್ಲಿದೆ. ಬಡವರ ಮನೆಯಲ್ಲಿ ಏನನ್ನೂ ಮುಟ್ಟದೆ ಎದ್ದು ಬಂದವನನ್ನು ಆ ಮನೆಯವರು ವರ್ಷಗಟ್ಟಲೆ ಮರೆಯುವುದಿಲ್ಲ. ಮರೆಯಬೇಕೆಂದು ನಾವೂ ಹೇಳಲಾರೆವು. ಆದುದರಿಂದ "ಪಥ್ಯವಿದೆ, ಮುಟ್ಟಬೇಡಿ" ಎಂದು ರೋಗಿಗೆ ಬರಿದೆ ಹೇಳಿ ಕಳಿಸುವ ವೈದ್ಯರ ಮಾತು ನಮಗೆ ಒಪ್ಪಿಗೆಯಿಲ್ಲ. ಮೊದಮೊದಲು ನಾವೂ ಹಾಗೆಯೇ ಹೇಳುತ್ತಿದ್ದೆವು.

ವರ್ಷಾ ಋತುವಿನಲ್ಲಿ ಜಠರಾಗ್ನಿ ಮಂದವಾಗಿರುತ್ತದೆ ಎಂಬುದು ಆಯುರ್ವೇದದ ಮತ. ಎಳ್ಳು, ಶೇಂಗಾ, ಬೆಲ್ಲಗಳ ಉಂಡಿಯೋ ಗುರು ಆಹಾರ. ಅಗ್ನಿ ಕುಂದಿದ ಕಾಲದಲ್ಲಿಯೇ ಜಡವಾದುದನ್ನು ತಿನ್ನುವ ಹಬ್ಬವಿದು! ಗುರು ಆಹಾರವನ್ನು ಅರ್ಧ ತೃಪ್ತಿಯಾಗುವಷ್ಟು ಮಾತ್ರ ಸೇವಿಸಬೇಕೆಂದು ವಾಗ್ಭಟರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ತಿಂದುದು ಜೀರ್ಣವಾಗುವ ಮುನ್ನ ಮತ್ತೆ ತಿನ್ನುವುದು ಅಧ್ಯಶನ. ಮನೆಯಿಂದ ಮನೆಗೆ ಹೋಗಿ ತಿನ್ನುವುದಕ್ಕೆ ಬೇರೆ ಹೆಸರಿಲ್ಲ.

ಅತಿಥಿಯಾದವನು ತಾಟು ಬಂದ ಮೇಲೆ ಅದನ್ನು ದೂರ ಸರಿಸುವುದು ಒರಟುತನ. ನೀರು ಕುಡಿಯುವಾಗಲೇ ತನ್ನ ಕಾಯಿಲೆಯನ್ನು ತಿಳಿಸಿಬಿಡಬೇಕು. ಸಕ್ಕರೆ ಕಾಯಿಲೆ ನಾಚುವ ಕಾಯಿಲೆಯಲ್ಲ. ಮನೆಯವರೂ ಒಮ್ಮೆ ಕೇಳಲಿ, ಎರಡು ಸಲ ಕೇಳಲಿ. ಬೇಡವೆಂದು ಅಡ್ಡ ಹಿಡಿದ ಕೈಯ ಸಂದಿನಲ್ಲಿ ಬಡಿಸುವುದು ಪ್ರೀತಿಯಾದರೂ ಕ್ಷೇಮವಲ್ಲ. ಚುರುಮುರಿಯ ಒಂದೇ ತಾಟಿಗೆ ಹತ್ತು ಜನ ಕೈ ಹಾಕುವ ರೂಢಿಯನ್ನಂತೂ, ಮಳೆಗಾಲದ ನೆಗಡಿ ಕೆಮ್ಮಿನ ದಿನಗಳಲ್ಲಿ, ಬಿಡುವುದೇ ಲೇಸು.

ಆ ಹಿರಿಯರು ಮರುವರ್ಷವೂ ಅದೇ ಮನೆಗಳಿಗೆ ಹೋದರು. ಒಂದು ಮನೆಯಲ್ಲಿ ಕೂರುವ ಮೊದಲೇ ವಿಷಯ ತಿಳಿಸಿದಾಗ, ಆ ಮನೆಯ ಅಜ್ಜಿ ಏನೂ ಮಾತನಾಡದೆ ಒಳಗೆ ಹೋಗಿ ಒಂದು ಉಂಡಿ ತಂದು, ಮುರಿದು, ಚಿಕ್ಕ ಚೂರನ್ನು ಇವರ ಕೈಗೂ ಉಳಿದುದನ್ನು ಮೊಮ್ಮಗನ ಕೈಗೂ ಇಟ್ಟರಂತೆ.