ಚಿಂತೆಗೂ ಹೊತ್ತು ಗೊತ್ತು ಇರಲಿ

ಚೆನ್ನೈನ ಕಾಸಿಮೇಡು ಬಂದರಿನ ಯಾಂತ್ರೀಕೃತ ಬೋಟುಗಳು ಪ್ರತಿವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ ಕಡಲಿಗಿಳಿಯುವಂತಿಲ್ಲ. ಮೀನಿನ ಸಂತಾನವೃದ್ಧಿಗೆಂದು ಪೂರ್ವ ಕರಾವಳಿಯಲ್ಲಿ ಜಾರಿಯಲ್ಲಿರುವ ಈ 61 ದಿನಗಳ ನಿಷೇಧ, ನಮ್ಮ ಮಲ್ಪೆ, ಮಂಗಳೂರುಗಳಲ್ಲಿ ಜೂನ್, ಜುಲೈ ತಿಂಗಳ ರಜೆಯಾಗಿ ಬರುತ್ತದೆ. ಕಡಲನ್ನೇ ನಂಬಿದ ಮನೆಯಲ್ಲಿ ಆಗ ಎರಡು ಬಗೆಯ ಯೋಚನೆಗಳು ಹುಟ್ಟುವುದು ಸಹಜ. ಎಂಜಿನ್ ಬಿಚ್ಚಿ ನೋಡಬೇಕು, ಹರಿದ ಬಲೆ ಸರಿಪಡಿಸಬೇಕು, ಬೋಟಿಗೆ ಬಣ್ಣ ಬಳಿಯಬೇಕು ಎಂಬುದು ಒಂದು. ಮೀನು ಬೀಳದಿದ್ದರೆ, ಡೀಸೆಲ್ ದರ ಏರಿದರೆ, ಸಾಲ ಕೊಟ್ಟವರು ಬಾಗಿಲಿಗೆ ಬಂದರೆ ಎಂಬುದು ಇನ್ನೊಂದು. ಮೊದಲನೆಯದು ಕೆಲಸ ಮುಗಿದೊಡನೆ ಮುಗಿಯುತ್ತದೆ. ಎರಡನೆಯದಕ್ಕೆ ಕೊನೆಯೇ ಇಲ್ಲ, ಮನಸ್ಸನ್ನು ಮಂಕಾಗಿಸುವುದೂ ಅದೇ. ಇಂಥ ಚಿಂತೆಯನ್ನು ಹೊಡೆದೋಡಿಸಲು ಹೊರಟರೆ ಸೋಲುತ್ತೇವೆ. ಅದಕ್ಕೊಂದು ಕೆಲಸ ಹಚ್ಚಿ, ಹೊತ್ತು ಗೊತ್ತುಮಾಡಿದರೆ ಹತೋಟಿಗೆ ತರಬಹುದು.

‘ಚಿಂತೆ ಮಾಡಬೇಡ’ ಎಂಬ ಉಪದೇಶ ಫಲಿಸದು ಎನ್ನುವುದಕ್ಕೆ ಪ್ರಯೋಗದ ಆಧಾರವಿದೆ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿದಾಗ, ಅದು ಅವರಿಗೆ ಮತ್ತೆ ಮತ್ತೆ ನೆನಪಾಯಿತು. ಅದಕ್ಕೂ ಮೊದಲು, 1983ರಲ್ಲಿ, ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ತಂಡ ಬೇರೆ ದಾರಿ ಹಿಡಿದಿತ್ತು. ದಿನಕ್ಕೆ ಅರ್ಧ ಗಂಟೆ, ಅದೇ ಜಾಗ, ಅದೇ ಸಮಯ. ಮನಸಾರೆ ಚಿಂತಿಸುವುದು ಆಗ ಮಾತ್ರ. ಉಳಿದ ಹೊತ್ತಿನಲ್ಲಿ ಚಿಂತೆ ತಲೆಹಾಕಿದರೆ ‘ಆಮೇಲೆ ನೋಡೋಣ’ ಎಂದು ಆ ಅರ್ಧ ಗಂಟೆಗೆ ಮುಂದೂಡಿ, ಕೈಯಲ್ಲಿರುವ ಕೆಲಸಕ್ಕೆ ಮರಳುವುದು. ಹೀಗೆ ಮಾಡಿದವರ ಚಿಂತೆ ಇಳಿಯಿತು. ಅದುಮಿದ ಯೋಚನೆ ಪುಟಿದೇಳುತ್ತದೆ. ತನ್ನ ಸರದಿ ಬರುತ್ತದೆಂದು ಗೊತ್ತಿರುವ ಯೋಚನೆ ಕಾಯುತ್ತದೆ.

ಚಿಂತೆಯೇ ನಮ್ಮನ್ನು ಕಾಯುತ್ತದೆ, ಅದನ್ನು ಬಿಟ್ಟರೆ ಮೈಮರೆಯುತ್ತೇವೆ ಎಂದು ಹಲವರು ಆಕ್ಷೇಪಿಸಬಹುದು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೀವ್ರ ಆತಂಕದಿಂದ ಬಳಲುತ್ತಿದ್ದವರು ತಮ್ಮ ಚಿಂತೆಗಳನ್ನು ಬರೆದಿಟ್ಟು, ಮುಂದೇನಾಯಿತೆಂದು ತಾಳೆ ನೋಡಿದರು. ಶೇಕಡ 91ರಷ್ಟು ಚಿಂತೆಗಳು ನಿಜವಾಗಲೇ ಇಲ್ಲ. ನಿಜವಾಗುವ ಅಪಾಯಕ್ಕೆ ಬೇಕಾದದ್ದು ಎಚ್ಚರ, ಆ ಎಚ್ಚರಕ್ಕೊಂದು ವ್ಯವಸ್ಥೆ. 2004ರ ಡಿಸೆಂಬರ್ 26ರಂದು ಸುನಾಮಿ ಚೆನ್ನೈ ಕರಾವಳಿಗೆ ಅಪ್ಪಳಿಸಿದಾಗ ಹಿಂದೂ ಮಹಾಸಾಗರಕ್ಕೆ ಮುನ್ನೆಚ್ಚರಿಕೆಯ ಜಾಲವೇ ಇರಲಿಲ್ಲ. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಈಗ ಹಗಲಿರುಳು ಕಡಲನ್ನು ಕಾಯುವ ಕೆಲಸ ಅದಕ್ಕೆಂದೇ ನೇಮಕವಾದವರ ಕೈಯಲ್ಲಿದೆ. ದಡದ ಮನೆಯವರು ರಾತ್ರಿಯಿಡೀ ನಿದ್ದೆಗೆಟ್ಟು ಕೂತಿದ್ದರೆ ಈ ರಕ್ಷಣೆ ಸಿಗುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸಾಲದ ಕಂತು ನಿಜ, ಖಾಲಿ ಡಬ್ಬಿ ನಿಜ. ಬಡವರಿಗೆ ಯೋಚನೆ ತಿದ್ದಿಕೊಳ್ಳಿ ಎನ್ನುವುದು ಹೊಟ್ಟೆ ತುಂಬಿದವರ ಮಾತಲ್ಲವೇ? ಈ ಮಾತನ್ನು ಒಪ್ಪಲೇಬೇಕು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನಕ್ಕೆ ತಮಿಳುನಾಡಿನ ಕಬ್ಬು ಬೆಳೆಗಾರರೇ ಆಧಾರ. ಕಟಾವಿನ ನಂತರ ಕೈಯಲ್ಲಿ ಕಾಸಿದ್ದಾಗ ಬುದ್ಧಿಪರೀಕ್ಷೆಯಲ್ಲಿ ಚೆನ್ನಾಗಿ ಉತ್ತರಿಸಿದ ರೈತರೇ, ಕಟಾವಿಗೆ ಮೊದಲು ಹಣದ ಮುಗ್ಗಟ್ಟಿನಲ್ಲಿ ಹಿಂದೆ ಬಿದ್ದಿದ್ದರು. ಮನಸ್ಸಿನ ತಿಳಿಗೂ ಕೈಯಲ್ಲಿರುವ ಕಾಸಿಗೂ ನಂಟಿದೆ ಎಂದಾಯಿತು. ಆದ್ದರಿಂದ ನಿಷೇಧ ಕಾಲದ ಪರಿಹಾರಧನ ಬೋಟು ದಡ ಸೇರುವ ಮೊದಲೇ ಖಾತೆಗೆ ಬೀಳುವುದು ಮಾನಸಿಕ ಆರೋಗ್ಯದ ಪ್ರಶ್ನೆಯೂ ಹೌದು. ಆದರೆ ಮುಗ್ಗಟ್ಟಿನಲ್ಲಿ ವಿವೇಚನೆ ಕುಗ್ಗುತ್ತದೆ ಎನ್ನುವುದಾದರೆ, ಉಳಿದಷ್ಟನ್ನು ಕೊನೆಯಿಲ್ಲದ ಚಿಂತೆಗೆ ಸುರಿಯುವುದು ಇಮ್ಮಡಿ ನಷ್ಟ. ಕಂತಿನ ಲೆಕ್ಕವನ್ನು ಕಾಗದಕ್ಕಿಳಿಸಿ, ಯಾರನ್ನು ಯಾವತ್ತು ಕಾಣಬೇಕೆಂದು ಬರೆದಿಟ್ಟರೆ ಸಾಲ ಕರಗದು. ಅದನ್ನು ಎದುರಿಸುವ ತಲೆ ಮಾತ್ರ ತಿಳಿಯಾಗುತ್ತದೆ.

ಇಷ್ಟಕ್ಕೂ ಬಗ್ಗದ ಆತಂಕವಿದೆ. ನಿದ್ದೆ, ಊಟ, ದುಡಿಮೆ ಕೆಡಿಸುವಷ್ಟು ಅದು ಬೆಳೆದಿದ್ದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಉಚಿತವಾಗಿ, ಕನ್ನಡದಲ್ಲೂ ತಮಿಳಿನಲ್ಲೂ ಸಿಗುತ್ತದೆ. ಉಳಿದವರು ಇಂದೇ ಒಂದು ಹಾಳೆಯಲ್ಲಿ ತಮ್ಮ ಚಿಂತೆಗಳನ್ನು ಬರೆಯಲಿ. ಮಾಡಬಹುದಾದದ್ದಕ್ಕೆ ದಿನಾಂಕ ಹಾಕಲಿ, ಮಿಕ್ಕದ್ದನ್ನು ನಾಳೆಯ ಅರ್ಧ ಗಂಟೆಗೆ ಬಿಡಲಿ.